ತಲಬಾಗಿಲ ಕೆಮ್ಮು

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ಗಾದೆ. ಬುಗುಡಿಯನ್ನು ನನಗೆ ಮದುವೆಯಲ್ಲಿ ಇಟ್ಟರು, ನೆಗಡಿಯನ್ನು ನಾನೇ ತವರಿನಿಂದ ತಂದಿದ್ದೆ. ಗಾದೆ ಕಟ್ಟಿದವರ ನೆಗಡಿ ಮೂಗಿನಿಂದ ಬಂದು ಮೂಗಿನಿಂದಲೇ ಹೋಗುತ್ತಿತ್ತೇನೋ. ನನ್ನದು ಹಾಗಲ್ಲ. ಮೂಗು ಸೋರುವುದು ನಿಂತು, ಮೈ ಹಗುರಾಗಿ, ರೊಟ್ಟಿ ರುಚಿಸಿ, ಎಲ್ಲರೂ "ಆರಾಮಾತಲ್ಲ" ಎನ್ನುವ ಹೊತ್ತಿಗೆ ಸರಿಯಾಗಿ ಅದು ಎದೆಗೆ ಇಳಿಯುತ್ತಿತ್ತು. ಇಳಿದ ಮೇಲೆ ಒಂದು ಅಮಾವಾಸ್ಯೆಯಿಂದ ಇನ್ನೊಂದರ ತನಕ ಅಲ್ಲೇ ಠಿಕಾಣಿ.

ಕೆಮ್ಮಾದರೂ ಎಂಥದ್ದು. ಬೇರೆ ಹುಡುಗಿಯರ ಕೆಮ್ಮು ಗಂಟಲಲ್ಲಿ ಹುಟ್ಟಿ ತುಟಿಯಲ್ಲಿ ಸಾಯುತ್ತದೆ. ನನ್ನದು ನೆಲದೊಳಗಿನ ಹಗೇವಿನಿಂದ ಜೋಳ ಎತ್ತಿದ ಹಾಗೆ ಎದೆಯ ತಳದಿಂದ ಮೇಲೆ ಬರುತ್ತಿತ್ತು. ಕಣ್ಣು ಮುಚ್ಚಿ ಕೇಳಿದವರಿಗೆ ಯಾರೋ ಮೀಸೆ ಹೊತ್ತ ಹಿರಿಯರು ಮನೆಗೆ ಬಂದರು ಅನ್ನಿಸಬೇಕು. ಸಣ್ಣವಳಿದ್ದಾಗ ನನ್ನ ಕೆಮ್ಮು ಕೇಳಿ ಒಬ್ಬ ಬಳೆಗಾರ "ಮನ್ಯಾಗ ಗೌಡ್ರು ಅದಾರೇನು, ಆಮ್ಯಾಲ ಬರ್ತೀನಿ" ಎಂದು ತಿರುಗಿ ಹೋಗಿದ್ದ. ಬಳೆ ತಪ್ಪಿದ್ದಕ್ಕೆ ನಾನು ಇಡೀ ದಿನ ಅತ್ತಿದ್ದೆ, ಅತ್ತು ಮತ್ತಷ್ಟು ಕೆಮ್ಮಿದ್ದೆ.

ನಮ್ಮೂರು ಕಮಲಾಪುರ. ಅಪ್ಪನದು ಕೆಂಪು ಬಾಳೆಯ ತೋಟ. ಕಲಬುರಗಿಯ ಮಂದಿ ಸಂತೆಗೆ ಬಂದು ಚೌಕಾಶಿ ಮಾಡಿ ಒಯ್ಯುತ್ತಿದ್ದ ಹಣ್ಣು ನಮ್ಮ ಪಡಸಾಲೆಯ ಹಗ್ಗಕ್ಕೆ ಗೊನೆಗೊನೆಯಾಗಿ ತೂಗುತ್ತಿತ್ತು. ಆದರೆ ಬಾಳೆಹಣ್ಣು ಕಫ ಎಂದು ಅವ್ವ ಅದನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. ಹೂಗಾರನ ಮಗಳಿಗೆ ಹೂ ಮುಡಿಯಬೇಡ ಎಂದ ಹಾಗಾಯಿತು ನನ್ನ ಬಾಳು. ಹಣ್ಣಿನ ಬದಲು ಶುಂಠಿ, ಮೆಣಸು, ಬೆಲ್ಲದ ಕಷಾಯ. ಮೇಲೆ ಅಜವಾನವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಂಚಿನ ಮೇಲೆ ಬಿಸಿ ಮಾಡಿ, ಎದೆಗೆ ಒತ್ತುವುದು. ಒತ್ತುವಾಗ ಅವ್ವ ಬೈಯುತ್ತಿದ್ದಳು. ಆ ಬೈಗಳೂ ಔಷಧದ ಭಾಗವೇ ಇರಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ.

ಮದುವೆಯ ವಯಸ್ಸು ಬಂದಾಗ ಕೆಮ್ಮು ನಗೆಯ ವಿಷಯವಾಗಿ ಉಳಿಯಲಿಲ್ಲ. ಆಗ ಸೊಸೆಯಂದಿರು ಕೆಮ್ಮಿದರೆ ಯಾರೂ ನೆಗಡಿ ಎನ್ನುತ್ತಿರಲಿಲ್ಲ. ಕ್ಷಯ ಎಂಬ ಮಾತನ್ನು ಬಾಯಲ್ಲಿ ಆಡಲು ಹೆದರಿ "ಆ ಕೆಮ್ಮು" ಎನ್ನುತ್ತಿದ್ದರು. ನಮ್ಮ ಓಣಿಯ ಹುಡುಗಿಯೊಬ್ಬಳನ್ನು ಗಂಡನ ಮನೆಯವರು "ನಾಕ ದಿನ ಇದ್ದ ಬರ್ಲಿ" ಎಂದು ತಂದು ಬಿಟ್ಟರು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಅವಳು ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದುದನ್ನು ನಾನು ದಿನಾ ಕಂಡಿದ್ದೆ. ನನಗೂ ಅದೇ ಗತಿಯಾದೀತು ಎಂಬ ಹೆದರಿಕೆ ಅವ್ವನಿಗೆ ಹಗಲೂ ರಾತ್ರಿ ಇತ್ತು, ನನಗೂ ಇತ್ತು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಅವ್ವ ಒಂದೂ ಸುಳ್ಳು ಹೇಳಲಿಲ್ಲ, ಹಂಗಾಮು ನೋಡಿದಳು ಅಷ್ಟೆ. ದಂಡು ಬಂದು ರಜಾಕಾರರನ್ನು ಅಡಗಿಸಿದ ಪೊಲೀಸ್ ಆಕ್ಷನ್ ಆದ ಮರುಬೇಸಿಗೆ ಅದು. ಗದ್ದಲದ ದಿನಗಳಲ್ಲಿ ತಡೆದು ನಿಂತಿದ್ದ ಮದುವೆಗಳೆಲ್ಲ ಒಮ್ಮೆಲೇ ಹೊರಟಿದ್ದವು. ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ದಲಾಲಿಯ ಅಡತಿ ಅಂಗಡಿ ಇದ್ದವರ ಮನೆಯಿಂದ ನನ್ನನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದಾಗ ಅವ್ವ, "ಬ್ಯಾಸಿಗ್ಯಾಗ ಬರ್ಲಿ" ಎಂದಳು. ನಮ್ಮ ಕಡೆಯ ಬೇಸಿಗೆಯಲ್ಲಿ ಕೆಮ್ಮೇನು, ಕಫವೂ ಒಣಗಿ ಹಪ್ಪಳವಾಗುತ್ತದೆ. ಅವರು ಬಂದರು, ನೋಡಿದರು, ಒಪ್ಪಿದರು. ಮದುವೆ ಮುಗಿದು ನನ್ನನ್ನು ಮೋಟಾರು ಹತ್ತಿಸುವಾಗ ಅವ್ವ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು.

"ಕೆಮ್ಮ ಬಂದ್ರ ನುಂಗವ."

ಆ ಮನೆಯಲ್ಲಿ ನನಗಿಂತ ಮೊದಲೇ ಒಂದು ಕೆಮ್ಮು ಇತ್ತು. ಅದು ಮಾವನದು. ಮನೆಯ ಹಿರಿಯ ಗಂಡಸು ಒಳಗೆ ಬರುವ ಮೊದಲು ತಲಬಾಗಿಲಲ್ಲಿ ನಿಂತು ಕೆಮ್ಮಬೇಕು, ಒಳಗಿದ್ದ ಹೆಂಗಸರು ಸೆರಗು ಎಳೆದುಕೊಂಡು ಎದ್ದು ನಿಲ್ಲಬೇಕು. ಇದು ಎಲ್ಲ ಮನೆಗಳ ಪದ್ಧತಿ. ಆದರೆ ಇವರ ಮನೆಯಲ್ಲಿ ಅದಕ್ಕೆ ಇನ್ನೊಂದು ತೂಕ ಬಂದಿತ್ತು. ರಜಾಕಾರರ ಗದ್ದಲದ ದಿನಗಳಲ್ಲಿ ಕತ್ತಲಾದ ಮೇಲೆ ಯಾರು ಬಾಗಿಲು ಬಡಿದರೂ ಅತ್ತೆ ಅಗಳಿ ತೆಗೆಯುತ್ತಿರಲಿಲ್ಲವಂತೆ. ಹೊರಗಿನಿಂದ ಮಾವನ ಕೆಮ್ಮು ಕೇಳಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ದನಿಯನ್ನು ಯಾರಾದರೂ ಅಣಕಿಸಬಹುದು, ಆ ಕೆಮ್ಮನ್ನು ಅಣಕಿಸುವವ ಇನ್ನೂ ಹುಟ್ಟಿಲ್ಲ ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು.

ಹುಟ್ಟಿದ್ದಳು, ಸೊಸೆಯಾಗಿ ಬಂದು ಅಡುಗೆಮನೆಯಲ್ಲಿ ಕೂತಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ.

ಮಳೆ ಬಿತ್ತು. ನೆಗಡಿ ಬಂತು. ಸೀನಿದೆ, ಮೂಗು ಒರೆಸಿಕೊಂಡೆ, ಯಾರೂ ಏನೂ ಅನ್ನಲಿಲ್ಲ. ನಾನು ಮಾತ್ರ ಇಳಿಯುವ ಹೊತ್ತನ್ನು ಕಾಯುತ್ತ ನಡುಗಿದೆ. ಇಳಿಯಿತು. ನುಂಗಿದೆ, ಸೆರಗು ಬಾಯಿಗೆ ತುರುಕಿದೆ, ಹಿತ್ತಲಿಗೆ ಓಡಿದೆ. ರಾತ್ರಿ ಗಂಡನ ಗೊರಕೆಯ ಸದ್ದಿನಲ್ಲಿ ನನ್ನ ಕೆಮ್ಮು ಮುಚ್ಚಿಹೋಯಿತು. ಒಂದು ಮಧ್ಯಾಹ್ನ ಅತ್ತೆ ಗುಡಿಗೆ ಹೋಗಿದ್ದರು. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಅಂಗಳದಲ್ಲಿ ತಲೆ ಬಿಚ್ಚಿ ಬಾಚುತ್ತ ಅತ್ತೆಯ ನಡಿಗೆಯ ಬಗ್ಗೆ ಪಕ್ಕದ ಮನೆಯಾಕೆಗೆ ವಿವರವಾಗಿ ಹೇಳುತ್ತಿದ್ದಳು. ನಾನು ಒಳಕೋಣೆಯಲ್ಲಿ ಕಾಳು ಹಸನು ಮಾಡುತ್ತಿದ್ದೆ. ತೊಗರಿಯ ಧೂಳು ಮೂಗಿಗೆ ಹೋಯಿತು, ಇನ್ನು ತಡೆಯಲಾಗಲಿಲ್ಲ.

ಅಂಗಳದಲ್ಲಿ ಭೂಮಿ ನಡುಗಿದಂತಾಯಿತು. ನೆಗೆಣ್ಣಿಯ ಬಾಚಣಿಗೆ ಒಂದು ಕಡೆ, ಎಣ್ಣೆಯ ಬಟ್ಟಲು ಒಂದು ಕಡೆ. ಬಿಚ್ಚಿದ ತಲೆಯ ಮೇಲೆಯೇ ಸೆರಗೆಳೆದು ಕಂಬದ ಮರೆಗೆ ನಿಂತಳು. ಪಕ್ಕದ ಮನೆಯಾಕೆ ಚಪ್ಪಲಿ ಕೈಯಲ್ಲೇ ಹಿಡಿದು ಹಿತ್ತಲ ಬಾಗಿಲಿಂದ ಮಾಯ. ಬಹಳ ಹೊತ್ತಾದರೂ ಮಾವ ಬರಲಿಲ್ಲ. ನೆಗೆಣ್ಣಿ ಮೆಲ್ಲಗೆ ತಲಬಾಗಿಲು ನೋಡಿದಳು, ಓಣಿ ನೋಡಿದಳು, ಆಮೇಲೆ ಒಳಗೆ ಬಂದು ನನ್ನನ್ನು ನೋಡಿದಳು. ನಾನು ಇನ್ನೊಮ್ಮೆ ಕೆಮ್ಮಿದೆ. ಏನು ಮಾಡಲಿ, ಅದು ಒಂಟಿಯಾಗಿ ಬರುವ ಜಾತಿಯದಲ್ಲ.

"ಅಯ್ಯ ತಂಗಿ," ಎಂದಳು, "ನಿನ್ನ ಎದ್ಯಾಗ ಮಾವ ಅದಾರಲ್ಲ."

ನಾನು ಅಳತೊಡಗಿದೆ. ಅವಳು ನಕ್ಕಳು. ನಕ್ಕು ಸಾಕಾದ ಮೇಲೆ ನನ್ನ ಪಕ್ಕ ಕೂತು, "ನಾ ಯಾರಿಗೂ ಹೇಳಂಗಿಲ್ಲ ಬಿಡು" ಎಂದಳು. ಹೇಳಲಿಲ್ಲ ನಿಜ, ಆದರೆ ಬಳಸದೆ ಬಿಡಲಿಲ್ಲ. ಪಕ್ಕದ ಮನೆಯಾಕೆ ಕೂತರೆ ಏಳುವ ಕುಳವಲ್ಲ. ಅವಳು ಅತಿ ಮಾಡಿದಾಗ ನೆಗೆಣ್ಣಿ ಒಳಗೆ ಬಂದು ನನಗೆ ಕಣ್ಣು ಹೊಡೆಯುವಳು, ನಾನು ಕೋಣೆಯಲ್ಲಿ ತಡೆದಿಟ್ಟದ್ದನ್ನು ಬಿಡುವೆ, ಆಕೆ ಎದ್ದು ನಡೆಯುವಳು. ಅತ್ತೆ, ಮಾವನ ಕಣ್ಣು ತಪ್ಪಿಸಿ, ಮೂಗಿಗೆ ತಪಕೀರು ನಶ್ಯ ಏರಿಸುತ್ತಿದ್ದರು. ನನ್ನ ಕೆಮ್ಮು ಕೇಳಿದರೆ ತಪಕೀರಿನ ಡಬ್ಬಿ ಚಾಪೆಯ ಕೆಳಗೆ, ಸೆರಗು ತಲೆಯ ಮೇಲೆ, ಮುಖದಲ್ಲಿ ಶಿವಪೂಜೆಯ ಕಳೆ. "ಬಾಗಿಲ ತನಕಾ ಬಂದು ಮತ್ತ ಎತ್ತ ಹೋದರು ಇವರು" ಎಂದು ಗೊಣಗುತ್ತ ಕೂತುಕೊಳ್ಳುವರು. ನಾನು ನಗುತ್ತಿದ್ದೆ. ಆದರೆ ಈ ಆಟ ಬಯಲಾದ ದಿನ ನಾನು ಕಮಲಾಪುರದ ಕಟ್ಟೆಯ ಮೇಲೆ ಕೂತು ರಸ್ತೆ ನೋಡಬೇಕಾಗುತ್ತದೆ ಎಂಬುದು ನನಗೆ ಒಂದು ಕ್ಷಣವೂ ಮರೆತಿರಲಿಲ್ಲ.

ಬಯಲಾಯಿತು. ಬಯಲು ಮಾಡಿದ್ದು ನನ್ನ ಕೆಮ್ಮಲ್ಲ, ಮಾವನದು.

ಅಂದು ಜಡಿಮಳೆ. ಗಂಜಿನಲ್ಲಿ ಮಾಲು ಬಿಚ್ಚುವ ಹಾಗಿರಲಿಲ್ಲ, ಮಾವ ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ತಲಬಾಗಿಲಲ್ಲಿ ನಿಂತು ಪದ್ಧತಿಯಂತೆ ಕೆಮ್ಮಿದರು. ಅತ್ತೆ ದೇವರ ಕೋಣೆಯಲ್ಲಿದ್ದರು. ನಾನು ಹಿತ್ತಲಲ್ಲಿ ಕೊಡ ತುಂಬುತ್ತಿದ್ದೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದ ನೆಗೆಣ್ಣಿ ತಲೆಯೆತ್ತಲಿಲ್ಲ.

"ಸಾಕ ಮಾಡ ತಂಗಿ," ಎಂದಳು ಗಟ್ಟಿಯಾಗಿ, "ಮಾವ ಗಂಜಿನಾಗ ಅದಾರ. ಇವತ್ತ ನಿನ್ನ ಕೆಮ್ಮಿಗಿ ಯಾರೂ ಏಳಂಗಿಲ್ಲ."

ಮಾವ ಇನ್ನೊಮ್ಮೆ ಕೆಮ್ಮಿದರು.

"ಕೆಮ್ಮ ಕೆಮ್ಮ. ಖರೇ ಮಾವಗಿಂತ ನೀನ ಛಲೋ ಕೆಮ್ತಿ."

ಮಾವ ಒಳಗೆ ಬಂದು ಮಳೆನೀರು ಸುರಿಸುತ್ತ ನಿಂತರು. ಅದೇ ಹೊತ್ತಿಗೆ ನಾನು ಹಿತ್ತಲಿಂದ ಕೊಡ ಹೊತ್ತು ಬಂದೆ. ಅವರನ್ನು ಕಂಡ ಗಾಬರಿಗೆ ಬೆಳಗಿನಿಂದ ನುಂಗಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಅದಕ್ಕೆ ಉತ್ತರವೋ ಎಂಬಂತೆ ಮಾವನಿಗೂ ಕೆಮ್ಮು ಬಂತು. ದೇವರ ಕೋಣೆಯಿಂದ ಸೆರಗೆಳೆದುಕೊಂಡು ಬಂದ ಅತ್ತೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಯಾರಿಗೆ ಎದ್ದು ನಿಲ್ಲಬೇಕೆಂದು ಅವರಿಗೆ ತಿಳಿಯಲಿಲ್ಲ.

ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವುದಿಲ್ಲ. ಟವೆಲ್ಲಿನಿಂದ ತಲೆ ಒರೆಸಿಕೊಂಡು ಅತ್ತೆಗೆ, "ಅಕಿನ್ನ ಕೇಳು, ಇದು ನೆಗಡಿ ಆದಾಗೆಲ್ಲ ಬರ್ತದೇನು" ಎಂದರು. ನಾನು ನೆಲ ನೋಡುತ್ತ ಹೂಂ ಎಂದೆ. "ಸಣ್ಣಾಕಿ ಇದ್ದಾಗಿಂದ?" ಅದಕ್ಕೂ ಹೂಂ. ಮರುದಿನ ಕಮಲಾಪುರದ ಮೋಟಾರಿನವನ ಕೈಯಲ್ಲಿ ಅಪ್ಪನಿಗೆ ಹೇಳಿಕಳಿಸಿದರು, ಕೂಡಲೇ ಬರಬೇಕೆಂದು. ನಾನು ಟ್ರಂಕು ತೆಗೆದು ಸೀರೆ ಮಡಿಸಲು ಕೂತೆ. ನೆಗೆಣ್ಣಿ ಎದುರಿಗೆ ಕೂತು ಅಳುತ್ತಿದ್ದಳು. ಆ ಬಾಯಿಬಡುಕಿಯ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ದಿನ.

ಅಪ್ಪ ಬಂದ. ತಲೆಯ ಮೇಲೆ ಕೆಂಪು ಬಾಳೆಹಣ್ಣಿನ ಬುಟ್ಟಿ, ಮುಖದಲ್ಲಿ ರಕ್ತವಿಲ್ಲ. ಮಾವ ಅವನನ್ನು ಪಡಸಾಲೆಯಲ್ಲಿ ಕೂಡಿಸಿ, ಎಲ್ಲರನ್ನೂ ಒಳಗೆ ಕಳಿಸಿ, ಬಾಗಿಲು ಮುಂದೆ ಮಾಡಿದರು. ನಾನೂ ನೆಗೆಣ್ಣಿಯೂ ಬಾಗಿಲಿಗೆ ಕಿವಿ ಹಚ್ಚಿದೆವು. ನಮ್ಮ ಹಿಂದೆ ಅತ್ತೆಯೂ ಬಂದು ಕಿವಿ ಹಚ್ಚಿದರು.

"ತಪ್ಪಾತ್ರಿ ಬೀಗರ," ಎಂದ ಅಪ್ಪ. "ಮೊದಲ ಹೇಳಬೇಕಿತ್ತು. ಆದ್ರ ಇದು ಆ ಕೆಮ್ಮಲ್ರಿ, ಆಣಿ ಮಾಡಿ ಹೇಳ್ತೀನಿ."

"ಅದಿರ್ಲಿ ಬಿಡ್ರಿ." ಮಾವ ದನಿ ಇಳಿಸಿದರು. "ಅಕಿಗಿ ಕೆಮ್ಮ ಬಂದಾಗ ಮನ್ಯಾಗ ಏನ ಕೊಡ್ತಿದ್ರಿ? ನನಗೂ ಒಂದೀಟ ಹೇಳ್ರಿ."

ಅಪ್ಪನಿಗೆ ಅರ್ಥವಾಗಲಿಲ್ಲ. ನಮಗೂ ಆಗಲಿಲ್ಲ.

"ಬಾಗಿಲದಾಗ ನಿಂತು ಕೆಮ್ಮಿದ್ರ ಯಜಮಾನಕಿ ಅಂತಾರ್ರೀ," ಎಂದರು ಮಾವ. "ಅಂಗಡಿ ಗಾದಿ ಮ್ಯಾಲ ಕುಂತು ಕೆಮ್ಮಿದ್ರ ರೋಗ ಅಂತಾರ. ಗಂಜಿನ ಮಂದಿಗಿ ಗೊತ್ತಾದ್ರ ನಾಳಿ ಒಬ್ಬನೂ ನನ್ನ ಅಂಗಡಿಗಿ ಮಾಲ ತರಂಗಿಲ್ಲ. ಅದಕ್ಕ ಹಗಲೆಲ್ಲಾ ತಡಕೊಂಡು ತಡಕೊಂಡು, ಮನಿ ಬಾಗಿಲಿಗಿ ಬಂದು ಬಿಡ್ತೀನ್ರಿ. ನೆಗಡಿ ಆದಾಗೆಲ್ಲ ಹಿಂಗ."

ನಾನು ತಿರುಗಿ ಅತ್ತೆಯ ಮುಖ ನೋಡಿದೆ. ಇಷ್ಟು ವರ್ಷ ಅವರು ಎದ್ದು ನಿಂತದ್ದು ಯಜಮಾನಿಕೆಗಲ್ಲ, ಕಫಕ್ಕೆ.

ಅಪ್ಪನಿಗೆ ಜೀವ ಬಂತು. ಕಷಾಯ ಹೇಳಿದ, ಅಜವಾನದ ಗಂಟು ಹೇಳಿದ. "ಮತ್ತ ಬಾಳೆಹಣ್ಣ ಕೊಡ್ತಿರಲಿಲ್ರಿ" ಎಂದು ಹೇಳಿ ಮುಗಿಸುವಾಗ ತಾನು ತಂದ ಬುಟ್ಟಿ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಮಾವ ಆ ಬುಟ್ಟಿಯನ್ನು ಬಹಳ ಹೊತ್ತು ನೋಡಿದರಂತೆ. ಅಷ್ಟರಲ್ಲಿ ಅತ್ತೆ ಬಾಗಿಲು ತೆರೆದು, ಪಡಸಾಲೆಗೆ ಹೋಗಿ, ಬುಟ್ಟಿ ಎತ್ತಿಕೊಂಡು ಬಂದರು. ಅಂದಿನಿಂದ ಆ ಮನೆಯಲ್ಲಿ ಬಾಳೆಹಣ್ಣು ತಪ್ಪಿದವರು ಇಬ್ಬರಾದೆವು. ನೆಗೆಣ್ಣಿ ಮಾತ್ರ ನಮ್ಮಿಬ್ಬರ ಪಾಲನ್ನೂ ತಿಂದು ದುಂಡಗಾದಳು.

ಆ ವಾರವೇ ಮಾವ ಟಾಂಗಾ ಕಟ್ಟಿಸಿ ನನ್ನನ್ನೂ ಅತ್ತೆಯನ್ನೂ ಸರಕಾರಿ ದವಾಖಾನೆಗೆ ಕರೆದೊಯ್ದರು. ಡಾಕ್ಟರರು ನನ್ನ ಎದೆಗೂ ಮಾವನ ಎದೆಗೂ ನಳಿಗೆ ಹಚ್ಚಿ ಕೇಳಿ, ಕಫ ತಪಾಸಣೆ ಮಾಡಿಸಿ, ಇಬ್ಬರಿಗೂ ಕ್ಷಯವಿಲ್ಲ, ನೆಗಡಿ ಎದೆಯಲ್ಲಿ ನಿಲ್ಲುವ ಮೈಗುಣ, ಧೂಳಿಗೆ ಮೈ ಒಡ್ಡಬೇಡಿ ಎಂದರು. ತೊಗರಿ ಅಡತಿಯವನಿಗೆ ಧೂಳು ಬೇಡ ಎನ್ನುವುದು ಮೀನಿಗೆ ನೀರು ಬೇಡ ಎಂದ ಹಾಗೆ. ಆದರೂ ಮಾವ ತಲೆಯಾಡಿಸಿ ಒಂದೇ ನಮೂನೆಯ ಎರಡು ಸೀಸೆ ಔಷಧ ಹಿಡಿದು ಬಂದರು. ಅಂದಿನಿಂದ ಸಂಜೆ ಹಂಚಿನ ಮೇಲೆ ಎರಡು ಗಂಟು ಕಾಯತೊಡಗಿದವು. ಒಂದನ್ನು ನೆಗೆಣ್ಣಿ ನನ್ನ ಎದೆಗೆ ಒತ್ತುವಳು, ಇನ್ನೊಂದನ್ನು ಅತ್ತೆ ಒಳಕೋಣೆಗೆ ಒಯ್ಯುವರು. ಒಳಗಿನಿಂದ ಅತ್ತೆ ಬೈಯುವುದು ಕೇಳಿಸುತ್ತಿತ್ತು. ಔಷಧಕ್ಕೆ ಬೈಗಳು ಬೇಕೇ ಬೇಕು ಎಂಬುದು ನನಗೆ ಖಾತ್ರಿಯಾಯಿತು. ತಲಬಾಗಿಲಲ್ಲಿ ಕೆಮ್ಮು ಕೇಳಿದರೆ ನೆಗೆಣ್ಣಿ ಒಳಗಿನಿಂದ "ಯಾರ ಕೆಮ್ಮದು?" ಎಂದು ಕೂಗುವಳು. ಮಾವ ಸಿಟ್ಟಾಗದೆ, "ನಂದವಾ" ಎಂದು ಹೇಳಿ ಒಳಗೆ ಬರುವರು.

ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ಮೊದಲಿನ ಬೇಸಿಗೆಯಲ್ಲಿ ಮಾವ ಹೋದರು. ಕೆಮ್ಮಿನಿಂದಲ್ಲ, ಊಟ ಮಾಡಿ ಮಲಗಿದವರು ಏಳಲಿಲ್ಲ. ಮುಂದೆ ಮಳೆ ಬಿತ್ತು, ತಪ್ಪದೆ ನನಗೆ ನೆಗಡಿ ಬಂತು. ಎದೆಗೆ ಇಳಿದಾಗ ನಾನು ಮತ್ತೆ ನುಂಗತೊಡಗಿದೆ. ಈ ಸಲ ಯಾರ ಹೆದರಿಕೆಯೂ ಇರಲಿಲ್ಲ. ಆ ಸದ್ದನ್ನು ಆ ಮನೆಯಲ್ಲಿ ಮಾಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಒಂದು ಮಧ್ಯಾಹ್ನ ಪಡಸಾಲೆ ದಾಟುವಾಗ ಬಂದೇಬಿಟ್ಟಿತು.

ಚಾಪೆಯ ಮೇಲೆ ಕೂತಿದ್ದ ಅತ್ತೆಯ ಕೈ ತಾನಾಗಿಯೇ ತಪಕೀರಿನ ಡಬ್ಬಿಯನ್ನು ಚಾಪೆಯ ಕೆಳಗೆ ತಳ್ಳಿತು. ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲಕ್ಕೆ ಕೈಯೂರಿ, ಅರ್ಧ ಎದ್ದರು. ಹಾಗೇ ತಲಬಾಗಿಲನ್ನು ನೋಡಿದರು. ನಂತರ ಮೆಲ್ಲಗೆ ಕೂತರು. ನನಗೆ ಅಳು ಬಂತು, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಲು ತಿರುಗಿದೆ.

"ತಡಕೋಬ್ಯಾಡವ," ಎಂದರು ಅತ್ತೆ, ಬಾಗಿಲ ಕಡೆಗೇ ನೋಡುತ್ತ. "ಇನ್ನೊಂದ ಸಲ ಕೆಮ್ಮ."