ಗದ್ದೆಯಲ್ಲಿ ತಿರುಗಿದ ಜಾಝ್

ಕೊಕ್ಕರ್ಣೆಯ ಸೋದರತ್ತೆಯ ಮನೆಯಲ್ಲಿ ಮರೆತು ಬಂದಿದ್ದ ನನ್ನ ಸಿ.ಡಿ. ಭತ್ತದ ಗದ್ದೆಯ ನಡುವೆ ಕೋಲಿಗೆ ನೇತಾಡುತ್ತ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಮುಂಬೈಯಲ್ಲಿ ಅಂಗಡಿ ಅಂಗಡಿ ಅಲೆದು ತಂದ ಆಸಿಡ್ ಜಾಝ್, ಫಂಕ್ ನುಡಿಸುವ ವಾದ್ಯತಂಡವೊಂದರ ಆಲ್ಬಂ ಅದು! ಕೂಗಿಯೇಬಿಟ್ಟೆ.

“ಹಾಕಿ ಕೇಂಡೆ ಮಗಾ, ಅದ್ರಗೆ ಹಾಡೂರೇ ಇಲ್ಲ. ಬರೀ ಪೀಂ ಪೀಂ, ಡುಂ ಡುಂ. ಹಾಳಾಯ್ತ್ ಅಂದೇಳಿ ಗಿಳಿ ಓಡ್ಸುಕೆ ಕಟ್ದೆ,” ಎಂದರು ಅತ್ತೆ.

ಅಳು ಬರಬೇಕಾದಲ್ಲಿ ನಗು ಬಂತು. ಗದ್ದೆಗೆ ಬೇರೊಂದು ಹಾಳು ಸಿ.ಡಿ. ಕಟ್ಟಿ, ನನ್ನದನ್ನು ಒರೆಸಿ ಪ್ಲೇಯರಿಗೆ ಹಾಕಿದೆ. ಹಾಡಿತು! ಅತ್ತೆ ಎದುರೇ ಕುಳಿತು ಕಾದರು: “ಹಾಡೂರ್ ಯಾವಾಗ ಬತ್ರ್?”

ಈಗಲೂ ಮೂರನೆಯ ಹಾಡಿನಲ್ಲಿ, ಕೋಲು ಗೀರಿದ ಜಾಗ ಬಂದಾಗ, ಸ್ಯಾಕ್ಸೊಫೋನ್ ಒಮ್ಮೆ ತಡವರಿಸುತ್ತದೆ. ಆಗೆಲ್ಲ ನನ್ನ ಕಣ್ಣೆದುರು ಗಿಳಿಹಿಂಡೊಂದು ಭರ್ರನೆ ಮೇಲೇಳುತ್ತದೆ.