ಹನ್ನೆರಡು ವರ್ಷದ ಕುಂಕುಮ

ಕಾಣೆಯಾದ ವಿಮಾನದ ಹುಡುಕಾಟ ನಿಂತಿದೆ. ಇವತ್ತಿನ ಪತ್ರಿಕೆಯ ಒಳಪುಟದಲ್ಲಿ ಸುದ್ದಿಸಂಸ್ಥೆಯ ನಾಲ್ಕು ಸಾಲಿನ ವರದಿ ಇದೆ. ಓದುತ್ತಿದ್ದಂತೆ ಬೇಲೂರಿನ ನಮ್ಮ ಮನೆಯ ಜಗಲಿ ಕಣ್ಮುಂದೆ ಬಂತು.

ಪಕ್ಕದ ಮನೆಯ ಶಾರದತ್ತೆಯ ಗಂಡ ಸರ್ಕಾರದ ವಿಮಾನದಲ್ಲಿ ರೇಡಿಯೋ ಆಪರೇಟರ್ ಆಗಿದ್ದರು. ಒಮ್ಮೆ ಸಮುದ್ರದ ಮೇಲೆ ಹೋದ ವಿಮಾನ ತಿರುಗಿ ಬರಲಿಲ್ಲ. ಎರಡು ತಿಂಗಳಾದ ಮೇಲೆ ಕಚೇರಿಯಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ ಬಂತು. ಅಪ್ಪ ಅದನ್ನು ಓದಿ ಹೇಳಿದರು: ಹುಡುಕಾಟ ಮುಗಿದಿದೆ, ಯಾರೂ ಬದುಕಿಲ್ಲವೆಂದು ತಿಳಿಯತಕ್ಕದ್ದು.

ಪೌರೋಹಿತ್ಯ ಮಾಡುತ್ತಿದ್ದ ತಾತ ಒಪ್ಪಲಿಲ್ಲ. "ದೇಹ ಸಿಗದೆ ಈಗಲೇ ಕರ್ಮ ಮಾಡೋ ಹಾಗಿಲ್ಲ ಕಣಮ್ಮ. ಹನ್ನೆರಡು ವರ್ಷ ಕಾಯಬೇಕು."

"ಆಫೀಸಿನೋರು ಇಲ್ಲ ಅಂತಾರೆ, ನೀವು ಕಾಯಿ ಅಂತೀರಿ. ನಾನು ಕುಂಕುಮ ಇಡಲೋ ಬೇಡವೋ, ಅದನ್ನ ಹೇಳಿ ಶಾಸ್ತ್ರಿಗಳೇ," ಎಂದಳು ಶಾರದತ್ತೆ.

"ಇಟ್ಕೊಳಮ್ಮ," ಎಂದರು ತಾತ, ಅವಳ ಮುಖ ನೋಡದೆ.

ಹನ್ನೆರಡು ವರ್ಷ ಇಟ್ಟುಕೊಂಡಳು. ಆದರೆ ಅರಿಶಿನ ಕುಂಕುಮಕ್ಕೆ ಅವಳನ್ನು ಯಾವ ಮನೆಯವರೂ ಕರೆಯಲಿಲ್ಲ, ನಮ್ಮಮ್ಮನೂ ಕರೆಯಲಿಲ್ಲ.

ಅವಧಿ ಮುಗಿದಾಗ ತಾತ ದೇಹದ ಬದಲು ದಹನ ಮಾಡಲು ಜಗಲಿಯಲ್ಲಿ ಕೂತು ದರ್ಭೆಯ ಬೊಂಬೆ ಕಟ್ಟಿದರು. ಅದು ಮೊಳದುದ್ದ ಇತ್ತು. ಶಾರದತ್ತೆ ಬಂದು ನೋಡಿದಳು.

"ಅವರು ನಿಮ್ಮ ಈ ಬಾಗಿಲಿಗೆ ತಲೆ ಬಗ್ಗಿಸಿ ಬರ್ತಿದ್ದರು, ಶಾಸ್ತ್ರಿಗಳೇ."

"ಶಾಸ್ತ್ರಕ್ಕೆ ಇಷ್ಟು ಸಾಕಮ್ಮ."

ಮರುದಿನ ಬೆಳಿಗ್ಗೆ ಯಗಚಿಯ ದಂಡೆಯಲ್ಲಿ ಅದನ್ನು ಸುಟ್ಟರು. ಒಣ ಹುಲ್ಲು, ಬೇಗ ಉರಿದುಹೋಯಿತು. ಅವರೆಲ್ಲ ಮನೆಗೆ ಬರುವಷ್ಟರಲ್ಲಿ ಶಾರದತ್ತೆ ಹಣೆ ತೊಳೆದುಕೊಂಡಿದ್ದಳು.

ಇವತ್ತಿನ ವರದಿಯ ಪ್ರಕಾರ, ಪ್ರಯಾಣಿಕರ ಮನೆಯವರ ಜೊತೆ ವಿಮಾನ ಸಂಸ್ಥೆಯ ಸಭೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ.