ಸದ್ದಿಲ್ಲದೆ ಒತ್ತಿ ಹಿಡಿಯುವವಳು

ನಮ್ಮ ಮನೆಯಲ್ಲೊಂದು ಪಿಯಾನೋ ಇದೆ ಎಂದು ಅಜ್ಜಂಪುರದಲ್ಲಿ ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚ. ಒಂಟೆ ಸಾಕಿದ್ದೇನೆ ಎಂದಂತೆ ಕೇಳಿಸುತ್ತದೆ. ಬೀದಿಯವರ ಬಾಯಲ್ಲಿ ಅದು ‘ದೊಡ್ ಹಾರ್ಮೋನಿಯಂ’. ನಾನೂ ವಿಮಲಕ್ಕನೂ ಓದಿದ ಕಾನ್ವೆಂಟಿನವರು ಎಲೆಕ್ಟ್ರಿಕ್ ಕೀಬೋರ್ಡ್ ಕೊಂಡಾಗ ಇದನ್ನು ನಮಗೆ ದಾಟಿಸಿದರು.

ಅದರ ಜೊತೆಗೆ ಬಂದ ನೊಟೇಶನ್ ಪುಸ್ತಕದೊಳಗೆ ಕೂತು ಒಬ್ಬ ಫ್ರೆಂಚ್ ಕಂಪೋಸರ್ ಕೂಡ ಮನೆ ಸೇರಿದ. ಹೆಸರು ಬರೆಯುವುದಿಲ್ಲ, ಅರ್ಧವನ್ನು ಮೂಗಿನಲ್ಲಿ ಹೇಳಬೇಕು, ಉಳಿದರ್ಧವನ್ನು ಹೇಳಲೇಬಾರದು. ಪಿಯಾನೋ ಕಲಿಸಿದ ಸಿಸ್ಟರ್ ಹೇಳುತ್ತಿದ್ದಂತೆ, ಆತ ಸಣ್ಣ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸಿಕೊಂಡಿದ್ದ ಬಡಪಾಯಿ. ಪಕ್ಕದಲ್ಲಿ ಕೂತು ನುಡಿಸುತ್ತಿದ್ದ ಹೆಂಡತಿ ತೀರಿಕೊಂಡ ಮೇಲೆ ಒಂದು ವಿಚಿತ್ರ ಡ್ಯುಯೆಟ್ ಬರೆದ. ಎಡಗಡೆಯವರು ಮಂದ್ರದಲ್ಲಿ ನುಡಿಸಬೇಕು. ಬಲಗಡೆಯವರು ಮೇಲಿನ ಕೀಗಳನ್ನು ಸದ್ದಾಗದಂತೆ ಒತ್ತಿ ಹಿಡಿಯಬೇಕು, ಅಷ್ಟೇ. ಒತ್ತಿದಾಗ ತಂತಿಯನ್ನು ಅದುಮಿಟ್ಟ ಫೆಲ್ಟ್, ಅಂದರೆ ಉಣ್ಣೆಯ ಮೆತ್ತೆ, ಮೇಲೇಳುತ್ತದೆ. ಕೆಳಗಿನ ನಾದಕ್ಕೆ ಮೇಲಿನ ತಂತಿ ತಾನಾಗಿ ಗುನುಗುತ್ತದೆ. ಬೆರಳು ತೆಗೆದರೆ ಮೂಕ. ನುಡಿಸದವಳನ್ನು ನೋಡಲೂ ಟಿಕೆಟ್ಟೇ ಎಂದು ಆಗಿನ ಜನ ನಕ್ಕರಂತೆ. ಇವತ್ತು ದೆವ್ವದ ಸಿನಿಮಾಗಳಲ್ಲಿ ಬಾಗಿಲು ತಾನಾಗಿ ತೆರೆಯುವಾಗ ಅಂಥದೇ ಗುನುಗು ಕೇಳುತ್ತೇನೆ. ಪಾಪ, ಆತ ಹೆದರಿಸಲು ಬರೆದದ್ದಲ್ಲ.

ಬಲಗಡೆ ಯಾವಾಗಲೂ ಅಕ್ಕನೇ. ಅವಳಿಗೆ ಕಾಫಿಯ ಅವಸರ. ಪ್ರತಿ ಸಾಲಿನ ಕೊನೆಯಲ್ಲೂ ಕೂದಲೆಳೆಯಷ್ಟು ಮೊದಲೇ ಬೆರಳೆತ್ತುತ್ತಿದ್ದಳು. ಗುನುಗು ತಟ್ಟನೆ ಕಟ್ಟಾಗುತ್ತಿತ್ತು.

“ಸುಮ್ನೆ ಹಿಡ್ಕೊಳ್ಳಕ್ಕೂ ಆಗಲ್ವೇನೇ?” ಎಂದು ನಾನು ರೇಗುತ್ತಿದ್ದೆ.

“ಏನೂ ಮಾಡ್ದೆ ಕೂರೋ ಕಷ್ಟ ನಿಂಗೇನ್ ಗೊತ್ತು ಕಣೇ!”

ಅಕ್ಕ ಹೋದಮೇಲೆ ನಾನು ಪಿಯಾನೋದ ಮುಚ್ಚಳ ತೆರೆಯಲಿಲ್ಲ. ಹೋದ ತಿಂಗಳು ಅವಳ ವರ್ಷಾಬ್ದಿಕ. ಕಾಗೆ ಪಿಂಡ ಮುಟ್ಟುವ ತನಕ ನಮ್ಮಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದನ್ನು ಊಹಿಸಿ ಮಾತು ಕೊಡಬೇಕು. ಅವತ್ತು ಕಾಗೆಗಳೇನೋ ಬಂದಿದ್ದವು. ಹಿತ್ತಲ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು. ಕೂಗಲಿಲ್ಲ, ಇಳಿಯಲಿಲ್ಲ. ಎಲ್ಲದರ ಮುಖವೂ ಪಿಯಾನೋ ಇದ್ದ ಹಾಲ್‌ನ ಕಿಟಕಿಯ ಕಡೆಗೆ.

“ಅಮ್ಮಾ, ನಿನ್ ಕಾಫಿ ಫಿಲ್ಟರ್ ಯಾರ್ಗೂ ಕೊಡಲ್ಲ, ಬಾಮ್ಮಾ,” ಎಂದ ಅಕ್ಕನ ಮಗ ಶ್ರೀಧರ.

“ಫಿಲ್ಟರ್‌ಗೆಲ್ಲಾ ಬರ್ತಾರೇನ್ರೀ? ದೊಡ್ಡದೇನಾದ್ರೂ ಹೇಳಿ,” ಎಂದರು ಪುರೋಹಿತರು. ಅವರಿಗೂ ಹಸಿವು.

ನನಗೆ ಹಸಿವಿರಲಿಲ್ಲ. ಅಕ್ಕ ಅತೃಪ್ತಳಾಗಿ ಹೋದಳೇ ಎಂಬುದೊಂದೇ ಎದೆಯನ್ನು ಒತ್ತುತ್ತಿತ್ತು.

ಶ್ರೀಧರ ನನ್ನತ್ತ ತಿರುಗಿದ. “ಚಿಕ್ಕಮ್ಮಾ, ಒಂದ್ಸಲ ನಿಮ್ ಪಿಯಾನೋ ಬಾರ್ಸಿಬಿಡಿ. ಇನ್ನೇನ್ ಉಳಿದಿದೆ ಹೇಳಿ?”

ಬೆಂಚಿನ ಎಡಗಡೆ ಕೂತು ನನ್ನ ಪಾಲನ್ನಷ್ಟೇ ನುಡಿಸಿದೆ. ಮೊದಲ ಸಾಲಿನ ನಡುವೆ, ಮೇಲಿನಿಂದ, ಸಣ್ಣಗೆ, ಗುನುಗು. ಕಣ್ಣು ಹೊರಳಿಸಿದೆ. ಬಲಗಡೆಯ ಕೀಗಳು ಸಮನಾಗಿ, ಬೆಳ್ಳಗೆ, ಹಲ್ಲಿನ ಹಾಗೆ. ಯಾರೂ ಇಲ್ಲ. ನಿಲ್ಲಿಸಲು ಧೈರ್ಯ ಬರಲಿಲ್ಲ.

“ಬಂತು! ಮುಟ್ತು!” ಎಂದು ಹಿತ್ತಲಲ್ಲಿ ಕೂಗು. ಎಲ್ಲರೂ ಊಟದ ಎಲೆಗಳತ್ತ ಓಡಿದರು.

ಊಟವಾದ ಮೇಲೆ ಶ್ರೀಧರನಿಗೆ ಹೇಳಿದೆ. ಅವನು ನಕ್ಕ. “ಇಲಿ ಫೆಲ್ಟ್ ತಿಂದಿರುತ್ತೆ ಚಿಕ್ಕಮ್ಮ, ತಂತಿ ಬಿಟ್ಕೊಂಡಿದೆ ಅಷ್ಟೇ. ಟ್ಯೂನರ್‌ನ ಕರ್ಸ್ಲಾ?”

“ಬೇಡಪ್ಪಾ,” ಎಂದೆ.

ನಾನು ಕಾನ್ವೆಂಟಿನಲ್ಲಿ ಸೈನ್ಸ್ ಓದಿದವಳು. ಇಲಿ ಫೆಲ್ಟ್ ತಿನ್ನುತ್ತದೆ, ಒಪ್ಪುತ್ತೇನೆ. ಫೆಲ್ಟ್ ಹೋದ ತಂತಿ ಗುನುಗುತ್ತಲೇ ಇರುತ್ತದೆ; ಅದನ್ನೂ ಒಪ್ಪುತ್ತೇನೆ. ಆದರೆ ಈಗ ದಿನಾ ಸಂಜೆ ನುಡಿಸುತ್ತೇನಲ್ಲ, ಪ್ರತಿ ಸಾಲಿನ ಕೊನೆಯಲ್ಲೂ ಆ ಗುನುಗು ಕೂದಲೆಳೆಯಷ್ಟು ಮೊದಲೇ ಕಟ್ಟಾಗುತ್ತದೆ. ಇಲಿಗೆ ಕಾಫಿಯ ಅವಸರ ಎಲ್ಲಿಂದ ಬಂತು?